ಇಂಟರ್ಫೆರಾನ್: ಒಂದು ಸಂಶೋಧನ ಜೀವನದ ವಿಮರ್ಶೆ, ಕನ್ನಡ ನಿರೂಪಣೆಯ ದೃಷ್ಟಿಯಿಂದ

೧

ವಿಜ್ಞಾನಿಯೊಬ್ಬನ ಸಂಶೋಧನ ಜೀವನವನ್ನು ಸಾಹಿತ್ಯವಿಮರ್ಶೆಯ ಕಣ್ಣಿನಿಂದ ಪರಿಶೀಲಿಸಬಹುದೇ ಎಂಬ ಪ್ರಶ್ನೆ ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಪ್ರಯೋಗದ ಸತ್ಯಾಸತ್ಯಗಳನ್ನು ಪ್ರಯೋಗಶಾಲೆಯೇ ನಿರ್ಣಯಿಸಬೇಕಲ್ಲದೆ ವಿಮರ್ಶಕನಲ್ಲ. ಇದನ್ನು ನಾವು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಪ್ರಯೋಗಶಾಲೆಯಲ್ಲಿ ಹುಟ್ಟಿದ ಸತ್ಯವು ಲೋಕಕ್ಕೆ ಬರುವಾಗ ಮಾತಿನ ಉಡುಗೆಯನ್ನು ತೊಟ್ಟೇ ಬರಬೇಕಾಗುತ್ತದೆ. ಅದಕ್ಕೊಂದು ಹೆಸರು ಬೇಕು. ಹೆಸರಿನ ಬೆನ್ನಿಗೆ ಒಂದು ಹೋಲಿಕೆ ಬೇಕು. ಹೋಲಿಕೆಯ ಬೆನ್ನಿಗೆ ಜನರ ಮನಸ್ಸಿನಲ್ಲಿ ಒಂದು ನಂಬಿಕೆ ತಾನಾಗಿ ಬೆಳೆಯುತ್ತದೆ. ಆ ಹೆಸರೂ ಆ ಹೋಲಿಕೆಯೂ ಉಚಿತವೋ ಅನುಚಿತವೋ ಎಂಬ ವಿಚಾರ ಮಾತ್ರ ನಿಶ್ಚಯವಾಗಿಯೂ ವಿಮರ್ಶೆಗೆ ಸೇರಿದ್ದು. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣ ಕಾವ್ಯಕ್ಕೆ ಎಷ್ಟು ಅವಶ್ಯಕವೋ ಶಾಸ್ತ್ರದ ನಿರೂಪಣೆಗೂ ಅಷ್ಟೇ ಅವಶ್ಯಕವೆಂದು ನಮ್ಮ ಭಾವನೆ.

ಪ್ರಕೃತ ಲೇಖನದಲ್ಲಿ ನಾವು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಝಾನ್ ಲಿಂಡೆನ್‌ಮನ್ (೧೯೨೪–೨೦೧೫) ಅವರ ಸಂಶೋಧನ ಜೀವನವನ್ನು ಮುಖ್ಯವಾಗಿ ಎತ್ತಿಕೊಂಡಿದ್ದೇವೆ. ಅಲಿಕ್ ಐಸಾಕ್ಸ್ (೧೯೨೧–೧೯೬೭) ಅವರೊಡನೆ ಸೇರಿ ೧೯೫೭ರಲ್ಲಿ ಇಂಟರ್ಫೆರಾನ್ ಎಂಬ ವಸ್ತುವನ್ನು ಕಂಡು ಹೆಸರಿಟ್ಟವರು ಇವರೇ. ಈ ವಿಷಯವನ್ನು ಬರೆಯುವಾಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಊರುಗಳ ಕಾಲೇಜುಗಳಲ್ಲಿ ಕಲಿಸುವವರೂ ಕಲಿಯುವವರೂ ನಮ್ಮ ಮನಸ್ಸಿನ ಮುಂದೆ ಇದ್ದಾರೆ. ಇದಕ್ಕೆ ಎರಡು ಕಾರಣಗಳುಂಟು. ಒಂದನೆಯದು, ಹಾವೇರಿ ಜಿಲ್ಲೆಯ ಎಲ್ಲೆಗೆ ತಾಗಿರುವ ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಾಡುಗಳಲ್ಲಿ ಮಂಗನ ಕಾಯಿಲೆ ಮರುಕಳಿಸುತ್ತ ಬಂದಿದೆ. ಆ ರೋಗದ ವೈರಸ್ಸಿಗೂ ಇಂಟರ್ಫೆರಾನಿಗೂ ಇರುವ ಸಂಬಂಧ ಇಂದು ಸಂಶೋಧನೆಯ ವಿಷಯವಾಗಿದೆ. ಎರಡನೆಯದು, ದೇಹದ ರೋಗನಿರೋಧವನ್ನು ವಿವರಿಸಲು ನಾವು ಕನ್ನಡದಲ್ಲಿ ರೂಢಿಯಾಗಿ ಬಳಸುವ ಹೋಲಿಕೆಗಿಂತ ಹೆಚ್ಚು ಉಚಿತವಾದ ಹೋಲಿಕೆಗಳು ಈ ನಾಡಿನ ಬದುಕಿನಲ್ಲಿಯೇ ಇವೆಯೆಂದು ನಾವು ತೋರಿಸಬೇಕೆಂದಿದ್ದೇವೆ.

ನಮ್ಮ ಪ್ರತಿಪಾದನೆ ಸಂಕ್ಷೇಪವಾಗಿ ಇಷ್ಟು: ಲಿಂಡೆನ್‌ಮನ್ನರ ಇಡೀ ಜೀವನದ ಕೆಲಸ ತೋರಿಸಿಕೊಟ್ಟದ್ದು ದೇಹದೊಳಗಿನ ಒಂದು ವಾರ್ತೆಯನ್ನು; ನಾವು ಅದನ್ನು ಯೋಧನೆಂದು ಕಲಿಸುತ್ತಿದ್ದೇವೆ. ಈ ಅಂತರ ಕೇವಲ ಅಲಂಕಾರದ್ದಲ್ಲ. ಲಸಿಕೆ, ಔಷಧ, ಪಥ್ಯಗಳನ್ನು ಕುರಿತು ಜನರು ಮಾಡುವ ನಿರ್ಧಾರಗಳವರೆಗೆ ಅದರ ಪರಿಣಾಮ ಹೋಗುತ್ತದೆ.

೨

ಇಂಟರ್ಫೆರಾನಿನ ಕಥೆ ಪ್ರಾಣಿಗಳಿಂದ ಮೊದಲಾಗಲಿಲ್ಲ, ಗಿಡಗಳಿಂದ ಮೊದಲಾಯಿತು. ಬ್ಯಾಡಗಿಯ ಸೀಮೆಯ ಮೆಣಸಿನಕಾಯಿ ಬೆಳೆಗಾರರಿಗೆ ಎಲೆ ಮುಟುರಿಕೊಳ್ಳುವ ರೋಗದ ಪರಿಚಯ ಚೆನ್ನಾಗಿ ಉಂಟು. ನುಸಿ ಮತ್ತು ಸೂಕ್ಷ್ಮಕೀಟಗಳಿಂದಲೂ ಬಿಳಿನೊಣ ಹೊತ್ತು ತರುವ ವೈರಸ್ಸಿನಿಂದಲೂ ಗಿಡದ ಎಲೆ ಮುದುಡಿ, ಬೆಳವಣಿಗೆ ಕುಗ್ಗುತ್ತದೆ. ವೈರಸ್ ಹಿಡಿದ ಗಿಡವನ್ನು ವಾಸಿಮಾಡುವ ಔಷಧವಿಲ್ಲ. ಕಿತ್ತು ಹಾಕುವುದೊಂದೇ ದಾರಿ. ಇಂಥ ಗಿಡಗಳನ್ನು ನೋಡುತ್ತಿದ್ದ ವಿಜ್ಞಾನಿಗಳಿಗೆ ಒಂದು ವಿಶೇಷ ಕಂಡಿತು. ೧೯೨೯ರಲ್ಲಿ ಅಮೆರಿಕದ ಮೆಕಿನ್ನಿ ಎಂಬವರು, ತಂಬಾಕಿನ ಮೊಸಾಯಿಕ್ ವೈರಸ್ಸಿನ ಒಂದು ಬಗೆ ಮೊದಲೇ ಹತ್ತಿದ ಗಿಡಕ್ಕೆ ಅದೇ ವೈರಸ್ಸಿನ ಮತ್ತೊಂದು ಬಗೆಯನ್ನು ಹಚ್ಚಿದಾಗ ಎರಡನೆಯದರ ಲಕ್ಷಣ ಕಾಣಿಸಿಕೊಳ್ಳುವುದಿಲ್ಲವೆಂದು ತೋರಿಸಿದರು. ಮೊದಲು ಬಂದದ್ದು ಅನಂತರ ಬರುವುದಕ್ಕೆ ಅಡ್ಡಿಯಾಗುತ್ತಿತ್ತು. ೧೯೩೦ರ ದಶಕದಲ್ಲಿ ಇದೇ ಸಂಗತಿ ಮಂಗಗಳಲ್ಲಿಯೂ ಕಂಡುಬಂತು. ವೈರಸ್ಸುಗಳು ಒಂದಕ್ಕೊಂದು ಒಡ್ಡುವ ಈ ಅಡ್ಡಿಗೆ ಇಂಗ್ಲಿಷಿನಲ್ಲಿ ಇಂಟರ್ಫರೆನ್ಸ್ ಎಂಬ ಹೆಸರು ನಿಂತಿತು. ಆದರೆ ಅಡ್ಡಿ ಹೇಗೆ ನಡೆಯುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಗಿಡಕ್ಕೂ ಪ್ರಾಣಿಗೂ ಅಡ್ಡಿಯ ವಿಧಾನ ಬೇರೆಬೇರೆ ಎಂಬುದು ಬಹುಕಾಲದ ನಂತರ ಸ್ಪಷ್ಟವಾಯಿತು. ಗಿಡಗಳಲ್ಲಿ ಇಂಟರ್ಫೆರಾನ್ ಇಲ್ಲ. ಅವು ವೈರಸ್ಸಿನ ಆರ್‌ಎನ್‌ಎಯನ್ನೇ ಗುರುತು ಹಿಡಿದು ಕತ್ತರಿಸುತ್ತವೆ.

ಈ ಪ್ರಶ್ನೆಯನ್ನೇ ಹಿಡಿದು ಇಬ್ಬರು ತರುಣರು ೧೯೫೬ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಸಂಧಿಸಿದರು. ಐಸಾಕ್ಸ್ ಗ್ಲಾಸ್ಗೋದವರು, ಮೆಲ್ಬರ್ನ್‌ನಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ಟರ ಬಳಿ ಇದ್ದಾಗಲೇ ವೈರಸ್ಸುಗಳ ಅಡ್ಡಿಯನ್ನು ಅಭ್ಯಾಸಮಾಡಿದ್ದವರು. ಲಿಂಡೆನ್‌ಮನ್ ಸ್ವಿಟ್ಜರ್ಲೆಂಡಿನಿಂದ ವಿದ್ಯಾರ್ಥಿವೇತನದ ಮೇಲೆ ಬಂದವರು. ಅವರ ಪ್ರಯೋಗದ ಸಾಮಗ್ರಿ ಅತಿ ಸಾಮಾನ್ಯವಾದುದು: ಮರಿಯಾಗುತ್ತಿರುವ ಕೋಳಿಮೊಟ್ಟೆಯೊಳಗಿನ ಪೊರೆ, ಕಾಯಿಸಿ ನಿರ್ಜೀವಗೊಳಿಸಿದ ಇನ್‌ಫ್ಲುಯೆಂಜಾ ವೈರಸ್, ಒಂದು ದ್ರವ. ಪೊರೆಯ ತುಂಡುಗಳನ್ನು ನಿರ್ಜೀವ ವೈರಸ್ಸಿನೊಡನೆ ದ್ರವದಲ್ಲಿ ಇಟ್ಟು, ಅನಂತರ ಆ ದ್ರವವನ್ನು ಮಾತ್ರ ತೆಗೆದು ಹೊಸ ಪೊರೆಗೆ ಸವರಿದರು. ಹೊಸ ಪೊರೆಯಲ್ಲಿ ಜೀವಂತ ವೈರಸ್ ಬೆಳೆಯದೆ ಹೋಯಿತು. ಎಂದಮೇಲೆ ಮೊದಲ ಪೊರೆ ದ್ರವದೊಳಕ್ಕೆ ಏನನ್ನೋ ಬಿಟ್ಟಿತ್ತು. ಆ ‘ಏನೋ’ ಎಂಬುದಕ್ಕೆ ಅವರು ಇಂಟರ್ಫೆರಾನ್ ಎಂದು ಹೆಸರಿಟ್ಟರು. ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ೧೯೫೭ರಲ್ಲಿ ಎರಡು ಲೇಖನಗಳು ಪ್ರಕಟವಾದವು.

ಈ ಲೇಖನಗಳ ಬರವಣಿಗೆಯ ರೀತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ವಸ್ತುವೇನೆಂದು ತಿಳಿಯದಿದ್ದಾಗ ಅದು ಏನಲ್ಲವೆಂಬುದನ್ನು ಒಂದೊಂದಾಗಿ ನಿಶ್ಚಯಿಸುತ್ತ ಹೋಗುವ ಕ್ರಮ ಅಲ್ಲಿದೆ. ಇದು ವೈರಸ್ಸೇ ಇರಬಹುದೇ? ವೈರಸ್ಸಿನಂತೆ ಇದು ಕೆಂಪು ರಕ್ತಕಣಗಳನ್ನು ಮುದ್ದೆಗಟ್ಟಿಸುವುದಿಲ್ಲ. ವೈರಸ್ಸಿನ ತುಣುಕೇ? ವೈರಸ್ಸನ್ನು ಶಮನಗೊಳಿಸುವ ಪ್ರತಿಕಾಯಗಳು ಇದನ್ನು ಶಮನಗೊಳಿಸುವುದಿಲ್ಲ. ಉಪನಿಷತ್ತಿನ ‘ನೇತಿ ನೇತಿ’ ಎಂಬ ನಿಷೇಧಮಾರ್ಗವನ್ನು ಬಲ್ಲ ನಮ್ಮ ವಾಚಕರಿಗೆ ಈ ಪದ್ಧತಿ ಅಪರಿಚಿತವಲ್ಲ. ತಿಳಿದುದಕ್ಕಿಂತ ಹೆಚ್ಚು ಹೇಳದಿರುವ ಈ ಸಂಯಮವೇ ಆ ಬರವಣಿಗೆಯ ಮೊದಲನೆಯ ಗುಣ.

ಆದರೆ ಹೆಸರಿನ ವಿಷಯದಲ್ಲಿ ನಾವು ಸ್ವಲ್ಪ ಆಕ್ಷೇಪಿಸಬೇಕಾಗಿದೆ. ‘ಅಡ್ಡಿಪಡಿಸುವಂಥದು’ ಎಂಬ ಹೆಸರು ಕಂಡುಹಿಡಿದ ಬಗೆಯನ್ನು ನೆನಪಿಸುತ್ತದೆಯೇ ಹೊರತು ವಸ್ತುವಿನ ಸ್ವಭಾವವನ್ನು ಹೇಳುವುದಿಲ್ಲ. ಇಂಟರ್ಫೆರಾನ್ ತಾನಾಗಿ ವೈರಸ್ಸಿಗೆ ಅಡ್ಡಿಮಾಡುವುದಿಲ್ಲ. ವೈರಸ್ಸನ್ನು ಮುಟ್ಟುವುದೂ ಇಲ್ಲ. ವೈರಸ್ ಹೊಕ್ಕ ಜೀವಕೋಶವು ಅದನ್ನು ಹೊರಕ್ಕೆ ಬಿಡುತ್ತದೆ. ನೆರೆಯ ಜೀವಕೋಶದ ಮೈಮೇಲಿರುವ ಗ್ರಾಹಕಕ್ಕೆ ಅದು ಹೋಗಿ ಸೇರುತ್ತದೆ. ಆ ನೆರೆಯ ಕೋಶವು ನೂರಾರು ಜೀನುಗಳನ್ನು ಎಚ್ಚರಿಸಿ ತನ್ನ ಮನೆಯನ್ನು ತಾನು ಭದ್ರಮಾಡಿಕೊಳ್ಳುತ್ತದೆ. ಅಡ್ಡಿಯನ್ನು ಒಡ್ಡುವುದು ಸುದ್ದಿ ಕೇಳಿದ ಕೋಶ. ಇಂಟರ್ಫೆರಾನ್ ಸುದ್ದಿ ಮಾತ್ರ. ಹೀಗೆ ಹೆಸರೇ ಸುದ್ದಿಯನ್ನು ಕರ್ತೃವಾಗಿ ಮಾಡಿಬಿಟ್ಟಿತು. ಮುಂದೆ ಬಂದ ಅನೇಕ ತಪ್ಪುಕಲ್ಪನೆಗಳ ಬೀಜ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

೩

ಲೋಕವು ಈ ಶೋಧವನ್ನು ಸ್ವೀಕರಿಸಿದ ರೀತಿಯೂ ವಿಚಾರಾರ್ಹವಾದುದು. ವಸ್ತುವನ್ನು ಶುದ್ಧರೂಪದಲ್ಲಿ ತೋರಿಸಲು ಆಗದ ಕಾರಣ ಕೆಲವು ವಿಜ್ಞಾನಿಗಳು ಅದಕ್ಕೆ ‘ಮಿಸ್‌ಇಂಟರ್ಪ್ರೆಟಾನ್’, ಎಂದರೆ ಅಪಾರ್ಥದಿಂದ ಹುಟ್ಟಿದ ಪದಾರ್ಥ, ಎಂದು ಅಡ್ಡಹೆಸರಿಟ್ಟು ನಕ್ಕರು. ಇನ್ನೊಂದು ಕಡೆ, ಎಲ್ಲ ವೈರಸ್ ರೋಗಗಳಿಗೂ ಒಂದೇ ಮದ್ದು ದೊರೆಯಿತೆಂಬ ಅತಿಯಾದ ಆಸೆ ಬೆಳೆಯಿತು. ಉಪೇಕ್ಷೆ ಮತ್ತು ಅತ್ಯಾಶೆ ಎರಡೂ ಒಂದೇ ದೋಷದ ಎರಡು ಮುಖಗಳು. ಐಸಾಕ್ಸ್ ೧೯೬೩ರಲ್ಲಿ, ಹೊರಗಿನಿಂದ ಬಂದ ನ್ಯೂಕ್ಲಿಯಿಕ್ ಆಮ್ಲವೇ ಜೀವಕೋಶವನ್ನು ಎಚ್ಚರಿಸಿ ಇಂಟರ್ಫೆರಾನನ್ನು ಹೊರಡಿಸುತ್ತದೆಂಬ ದೂರದರ್ಶಿಯಾದ ವಿಚಾರವನ್ನು ಮಂಡಿಸಿದರು. ಆ ವಿಚಾರ ಬೇರೂರುವುದನ್ನು ಪೂರ್ಣವಾಗಿ ಕಾಣುವ ಮೊದಲೇ, ೧೯೬೭ರ ಜನವರಿಯಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಶೋಧದ ಆದ್ಯತೆಯ ಪ್ರಶ್ನೆಯನ್ನೂ ಇಲ್ಲಿ ಮುಚ್ಚಿಡಬಾರದು. ಟೋಕಿಯೋದಲ್ಲಿ ಯಾಸುಇಚಿ ನಗಾನೊ ಮತ್ತು ಯಾಸುಹಿಕೊ ಕೊಜಿಮಾ ಎಂಬವರು ೧೯೫೪ರಲ್ಲಿಯೇ, ಮೊಲಗಳಲ್ಲಿ ವ್ಯಾಕ್ಸೀನಿಯಾ ವೈರಸ್ಸಿನ ಬೆಳವಣಿಗೆಯನ್ನು ತಡೆಯುವ ಒಂದು ಅಂಶವನ್ನು ಕುರಿತು ಬರೆದಿದ್ದರು. ಅವರ ಲೇಖನ ಫ್ರೆಂಚ್ ಭಾಷೆಯಲ್ಲಿ ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಬಂದಿತ್ತು. ಇಂಗ್ಲಿಷಿನಲ್ಲಿ ಬಂದ ಲೇಖನಕ್ಕೆ ದೊರೆತ ಪ್ರಸಿದ್ಧಿ ಅದಕ್ಕೆ ದೊರೆಯಲಿಲ್ಲ. ಬರೆದ ಭಾಷೆಯೊಂದೇ ಇದಕ್ಕೆ ಕಾರಣವೆನ್ನುವುದು ಸಾಹಸವಾದೀತು; ವಸ್ತುವನ್ನು ಬೇರ್ಪಡಿಸಿ ತೋರಿಸಿ, ಅದಕ್ಕೊಂದು ಹೆಸರು ಕೊಟ್ಟದ್ದೂ ಲಂಡನ್ನಿನವರ ಬಲವಾಗಿತ್ತು. ಆದರೂ ಜ್ಞಾನವು ಯಾವ ಭಾಷೆಯಲ್ಲಿ ಹೇಳಲ್ಪಡುತ್ತದೆ ಎಂಬುದು ಅದರ ಹಣೆಬರಹವನ್ನು ಎಷ್ಟೋ ಮಟ್ಟಿಗೆ ನಿರ್ಧರಿಸುತ್ತದೆಂಬ ಪಾಠವನ್ನು ಕನ್ನಡದಲ್ಲಿ ಶಾಸ್ತ್ರವನ್ನು ಬರೆಯಬಯಸುವ ನಾವು ಮರೆಯುವಂತಿಲ್ಲ.

ಲಿಂಡೆನ್‌ಮನ್ನರ ನಿಜವಾದ ಹಿರಿಮೆ ನಮ್ಮ ದೃಷ್ಟಿಯಲ್ಲಿ ೧೯೫೭ರ ನಂತರದ ಕೆಲಸದಲ್ಲಿದೆ. ಕೀರ್ತಿ ಬಂದ ಸ್ಥಳದಲ್ಲಿಯೇ ನಿಂತು ಅದನ್ನೇ ಮರಳಿ ಮರಳಿ ಹೇಳುವವರು ಸಾಹಿತ್ಯದಲ್ಲಿರುವಂತೆ ವಿಜ್ಞಾನದಲ್ಲಿಯೂ ಇದ್ದಾರೆ. ಇವರು ಹಾಗೆ ಮಾಡಲಿಲ್ಲ. ೧೯೬೨ರಲ್ಲಿ ಅವರು ಒಂದು ಚಿಕ್ಕ ಸಂಗತಿಯನ್ನು ಪ್ರಕಟಿಸಿದರು. ಎ೨ಜಿ ಎಂಬ ತಳಿಯ ಇಲಿಗಳು, ಉಳಿದ ಇಲಿಗಳನ್ನು ಕೊಲ್ಲುವ ಇನ್‌ಫ್ಲುಯೆಂಜಾ ವೈರಸ್ಸಿಗೆ ಜಗ್ಗದೆ ಬದುಕಿ ಉಳಿಯುತ್ತಿದ್ದವು. ಈ ಗುಣ ಒಂದೇ ಜೀನಿನಿಂದ ವಂಶಪಾರಂಪರ್ಯವಾಗಿ ಬರುತ್ತಿತ್ತು. ಆ ಜೀನಿಗೆ ಎಂಎಕ್ಸ್ ಎಂದು ಹೆಸರಾಯಿತು. ತಾವೇ ಹೆಸರಿಟ್ಟ ಇಂಟರ್ಫೆರಾನಿಗೂ ಈ ಇಲಿಗಳಿಗೂ ಇರುವ ಸಂಬಂಧ ಸಿದ್ಧವಾಗಲು ಹದಿನೇಳು ವರ್ಷ ಹಿಡಿಯಿತು. ೧೯೭೯ರಲ್ಲಿ ಅವರೂ ಒಟ್ಟೊ ಹಾಲ್ಲರ್ ಮೊದಲಾದ ಸಂಗಡಿಗರೂ ಸೇರಿ, ಇಂಟರ್ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳನ್ನು ಕೊಟ್ಟಾಗ ಈ ಗಟ್ಟಿ ಇಲಿಗಳೂ ರೋಗಕ್ಕೆ ತುತ್ತಾಗುತ್ತವೆಂದು ತೋರಿಸಿದರು. ಇಲಿಯಲ್ಲಿ ಜೀನು ಇದ್ದರೆ ಸಾಲದು. ಇಂಟರ್ಫೆರಾನಿನ ಸುದ್ದಿ ಬಂದಾಗ ಮಾತ್ರ ಆ ಜೀನು ಎಚ್ಚತ್ತು ಕೆಲಸಮಾಡುತ್ತದೆ. ೧೯೮೬ರಲ್ಲಿ ಎಂಎಕ್ಸ್ ಪ್ರೋಟೀನೊಂದೇ ಜೀವಕೋಶಕ್ಕೆ ಇನ್‌ಫ್ಲುಯೆಂಜಾದಿಂದ ರಕ್ಷಣೆಯನ್ನು ಕೊಡಬಲ್ಲದೆಂದು ಸಿದ್ಧವಾಯಿತು. ಪ್ರಯೋಗಶಾಲೆಗಳಲ್ಲಿ ಸಾಕುವ ಬಹುತೇಕ ತಳಿಗಳ ಇಲಿಗಳಲ್ಲಿ ಈ ಜೀನು ಊನವಾಗಿದೆಯೆಂಬುದೂ ಗೊತ್ತಾಯಿತು.

ಅದೇ ಕಾಲದಲ್ಲಿ ಹೊರಗೆ ಬೇರೊಂದು ಗದ್ದಲ ನಡೆದಿತ್ತು. ಹೆಲ್ಸಿಂಕಿಯಲ್ಲಿ ಕಾರಿ ಕಾಂಟೆಲ್ ದಾನಿಗಳ ರಕ್ತದ ಬಿಳಿಕಣಗಳಿಂದ ಇಂಟರ್ಫೆರಾನನ್ನು ಅಲ್ಪಸ್ವಲ್ಪವಾಗಿ ತೆಗೆಯುತ್ತಿದ್ದರು. ೧೯೮೦ರಲ್ಲಿ ಚಾರ್ಲ್ಸ್ ವೈಸ್‌ಮನ್ನರ ಜ್ಯೂರಿಕ್ ತಂಡ ಅದರ ಜೀನನ್ನು ಬ್ಯಾಕ್ಟೀರಿಯದೊಳಗೆ ಕೂರಿಸಿ ತಯಾರಿಸಲು ದಾರಿಮಾಡಿತು. ಅದೇ ವರ್ಷ ಅಮೆರಿಕದ ‘ಟೈಮ್’ ಪತ್ರಿಕೆ ಅದನ್ನು ಮುಖಪುಟಕ್ಕೆ ತಂದಿತು. ಕ್ಯಾನ್ಸರಿಗೆ ರಾಮಬಾಣ ದೊರೆಯಿತೆಂಬ ನಂಬಿಕೆ ಹಬ್ಬಿತು. ಕಾಲಕ್ರಮದಲ್ಲಿ ಸತ್ಯ ತನ್ನ ಅಳತೆಗೆ ಬಂತು. ೧೯೮೬ರಲ್ಲಿ ಒಂದು ವಿರಳವಾದ ರಕ್ತದ ಕ್ಯಾನ್ಸರಿಗೆ, ೧೯೯೧ರಲ್ಲಿ ಹೆಪಟೈಟಿಸ್ ಸಿ ರೋಗಕ್ಕೆ, ೧೯೯೩ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಅಮೆರಿಕದಲ್ಲಿ ಅದು ಔಷಧವಾಗಿ ಅಂಗೀಕೃತವಾಯಿತು. ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ಅದರ ಸ್ಥಾನವನ್ನು ೨೦೧೩ರ ನಂತರ ಬೇರೆ ಗುಳಿಗೆಗಳು ಪಡೆದುಕೊಂಡವು. ರಾಮಬಾಣವೂ ಅಲ್ಲ, ಭ್ರಮೆಯೂ ಅಲ್ಲ. ಉಪಯುಕ್ತವಾದ, ಮಿತಿಯುಳ್ಳ ಒಂದು ಮದ್ದು. ಗದ್ದಲದ ಈ ಮೂರು ದಶಕಗಳಲ್ಲಿ ಇಲಿಗಳ ಹಿಂದೆ ಹೋದ ಲಿಂಡೆನ್‌ಮನ್ನರ ತಾಳ್ಮೆಯನ್ನು ನಾವು ಶೈಲಿಯೆಂದೇ ಕರೆಯುತ್ತೇವೆ. ಶೈಲಿಯೆಂದರೆ ಬರಹದ ಹೊಳಪು ಮಾತ್ರವಲ್ಲ; ಪ್ರಶ್ನೆಯೊಡನೆ ಮನುಷ್ಯ ನಡೆದುಕೊಳ್ಳುವ ಬಗೆ.

೪

ಇನ್ನು ಕನ್ನಡದ ನಿರೂಪಣೆಗೆ ಬರೋಣ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವ ಪರಂಪರೆ ಒಂದು ಶತಮಾನವನ್ನು ದಾಟಿದೆ. ಪದಗಳ ಬಡತನ ಈಗ ನಮ್ಮ ಮುಖ್ಯ ತೊಡಕಾಗಿ ಉಳಿದಿಲ್ಲ. ತೊಡಕಿರುವುದು ಹೋಲಿಕೆಗಳಲ್ಲಿ. ರೋಗನಿರೋಧವನ್ನು ವಿವರಿಸುವ ಪಾಠಗಳಲ್ಲಿ, ಭಾಷಣಗಳಲ್ಲಿ, ಪತ್ರಿಕೆಯ ಲೇಖನಗಳಲ್ಲಿ ಒಂದೇ ರೂಪಕ ಮತ್ತೆ ಮತ್ತೆ ಬರುತ್ತದೆ: ದೇಹವೊಂದು ಕೋಟೆ, ರೋಗಾಣು ಶತ್ರು, ಬಿಳಿರಕ್ತಕಣ ಸೈನಿಕ, ಇಂಟರ್ಫೆರಾನ್ ಒಂದು ಅಸ್ತ್ರ. ಈ ರೂಪಕ ಕನ್ನಡದ್ದು ಮಾತ್ರವಲ್ಲ. ಯುರೋಪಿನಿಂದ ಪಠ್ಯಪುಸ್ತಕಗಳ ಮೂಲಕ ಬಂದದ್ದು. ಪೋಲೆಂಡಿನ ವಿಜ್ಞಾನಿ ಲುಡ್ವಿಕ್ ಫ್ಲೆಕ್ ೧೯೩೫ರಷ್ಟು ಹಿಂದೆಯೇ, ದಾಳಿ ಮತ್ತು ರಕ್ಷಣೆ ಎಂಬ ಈ ಕಲ್ಪನೆ ರೋಗನಿರೋಧಶಾಸ್ತ್ರದ ಕಣ್ಣಿಗೆ ಪೊರೆಯಾಗಿದೆಯೆಂದು ವಾದಿಸಿದ್ದರು.

ಉಪಮಾನಕ್ಕೂ ಉಪಮೇಯಕ್ಕೂ ಮುಖ್ಯ ಧರ್ಮದಲ್ಲಿ ಸಾಮ್ಯವಿರಬೇಕೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠ. ಆ ಒರೆಗಲ್ಲಿಗೆ ಇದನ್ನು ಹಚ್ಚಿ ನೋಡೋಣ. ಸೈನಿಕನ ಮುಖ್ಯ ಧರ್ಮ ಕೊಲ್ಲುವುದು. ಇಂಟರ್ಫೆರಾನ್ ಯಾವ ವೈರಸ್ಸನ್ನೂ ಕೊಲ್ಲುವುದಿಲ್ಲ. ಸೈನ್ಯ ಹೆಚ್ಚಿದಷ್ಟೂ ಕೋಟೆ ಭದ್ರ. ಇಂಟರ್ಫೆರಾನ್ ಹೆಚ್ಚಿದಷ್ಟೂ ದೇಹಕ್ಕೆ ಒಳಿತೆಂಬುದು ಸುಳ್ಳು. ಅಯೋನ್ ಗ್ರೆಸ್ಸರ್ ಎಂಬವರು ೧೯೭೫ರಲ್ಲಿ, ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಇಂಟರ್ಫೆರಾನ್ ದ್ರಾವಣವನ್ನು ಕೊಡುತ್ತ ಹೋದರೆ ಅವು ಸಾಯುತ್ತವೆಂದು ತೋರಿಸಿದರು. ಲೂಪಸ್ ಎಂಬ ರೋಗದಲ್ಲಿ ಇಂಟರ್ಫೆರಾನಿನ ಎಚ್ಚರಿಕೆ ನಿಲ್ಲದೆ ನಡೆಯುತ್ತಿರುವುದೇ ಕೇಡಿನ ಒಂದು ಅಂಶವಾಗಿದೆ. ಜ್ವರ ಬಂದಾಗಿನ ಮೈಕೈ ನೋವು, ಸುಸ್ತು, ಊಟ ಸೇರದಿರುವಿಕೆ ಇವುಗಳಲ್ಲಿಯೂ ಬಹುಪಾಲು ವೈರಸ್ಸು ಮಾಡಿದ್ದಲ್ಲ, ಇಂಟರ್ಫೆರಾನ್ ಮೊದಲಾದ ನಮ್ಮದೇ ವಾರ್ತೆಗಳು ಮಾಡಿದ್ದು. ಮೇಲಾಗಿ, ಯುದ್ಧದ ರೂಪಕದಲ್ಲಿ ಕಾಲಕ್ಕೆ ಮಹತ್ವವಿಲ್ಲ. ಇಲ್ಲಿ ಕಾಲವೇ ಸರ್ವಸ್ವ. ಕೋವಿಡ್ ರೋಗದಲ್ಲಿ ಇದು ಸ್ಪಷ್ಟವಾಯಿತು. ೨೦೨೦ರಲ್ಲಿ ಪ್ರಕಟವಾದ ಒಂದು ಅಭ್ಯಾಸದಲ್ಲಿ, ಪ್ರಾಣಾಪಾಯದ ಸ್ಥಿತಿಗೆ ಹೋದ ೯೮೭ ರೋಗಿಗಳಲ್ಲಿ ೧೦೧ ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳಿದ್ದವು. ಸುದ್ದಿ ಸಕಾಲಕ್ಕೆ ಮುಟ್ಟಲಿಲ್ಲ. ಇದಕ್ಕೆ ಪ್ರತಿಯಾಗಿ, ಆಸ್ಪತ್ರೆಗೆ ಸೇರಿದ ರೋಗಿಗಳಿಗೆ ಇಂಟರ್ಫೆರಾನ್ ಕೊಟ್ಟು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ; ಸುದ್ದಿ ತಡವಾಗಿ ಬಂದರೆ ಏನೂ ನಡೆಯದು.

ಹಾಗಾದರೆ ಯಾವ ಹೋಲಿಕೆ ಉಚಿತ? ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಸನ್ನಿಧಿಯಲ್ಲಿ ನವರಾತ್ರಿಯ ಕಾಲಕ್ಕೆ ನಡೆಯುವ ಕಾರಣಿಕವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ವ್ರತಸ್ಥನಾದ ಗೊರವಯ್ಯ ನಿಲ್ಲಿಸಿದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ನೆರೆದ ಜನಸಾಗರ ನಿಶ್ಶಬ್ದವಾಗು‌ತ್ತದೆ. ಅನಂತರ ಒಂದೇ ಒಂದು ಮಾತು. ಅದನ್ನು ಕೇಳಿದವರು ಮಳೆ, ಬೆಳೆ, ರಾಜ್ಯಗಳಿಗೆ ಅನ್ವಯಿಸಿ ತಮತಮಗೆ ತಿಳಿದಂತೆ ಅರ್ಥಮಾಡಿಕೊಂಡು ಊರಿಗೆ ಮರಳುತ್ತಾರೆ. ಇಂಟರ್ಫೆರಾನಿನ ನಡೆಗೂ ಇದಕ್ಕೂ ಮೂರು ಸಾಮ್ಯಗಳಿವೆ. ಮಾತು ಚಿಕ್ಕದು, ಪರಿಣಾಮ ದೊಡ್ಡದು. ಕೆಲಸಮಾಡುವವರು ಹೇಳಿದವನಲ್ಲ, ಕೇಳಿದವರು. ಮೂರನೆಯದಾಗಿ, ಸುದ್ದಿ ತಲುಪಿದ ಜೀವಕೋಶವು ವೈರಸ್ ಒಳಹೊಕ್ಕರೆ ಪ್ರೋಟೀನು ತಯಾರಿಸುವ ತನ್ನ ಸ್ವಂತ ಗದ್ದಲವನ್ನೇ ನಿಲ್ಲಿಸಿಬಿಡುವ ಸಿದ್ಧತೆಯಲ್ಲಿರುತ್ತದೆ. ವೈರಸ್ಸಿಗೆ ಬೇಕಾದ ಕಮ್ಮಟವೇ ಮೌನವಾದರೆ ವೈರಸ್ ಬೆಳೆಯುವುದೆಲ್ಲಿ? ‘ಸದ್ದಲೇ’ ಎಂಬ ಮಾತು ಈ ಜೈವಿಕ ಮೌನಕ್ಕೆ ಎಷ್ಟು ಒಪ್ಪುತ್ತದೆಂಬುದನ್ನು ಸಹೃದಯರೇ ಕಾಣಬಹುದು.

ಹೋಲಿಕೆಯ ಮಿತಿಯನ್ನೂ ಹೇಳುವುದು ವಿಮರ್ಶಕನ ಕರ್ತವ್ಯ. ಕಾರಣಿಕ ಮುಂದಾಗುವುದನ್ನು ನುಡಿಯುತ್ತದೆ. ಇಂಟರ್ಫೆರಾನ್ ನೆರೆಮನೆಯಲ್ಲಿ ಆಗಲೇ ಆದುದನ್ನು ತಿಳಿಸುತ್ತದೆ. ಈ ಅಂಶದಲ್ಲಿ ಊರಿನಲ್ಲಿ ಡಂಗುರ ಸಾರುವುದು ಇನ್ನೂ ಹತ್ತಿರದ ಹೋಲಿಕೆ. ಹೆಸರನ್ನು ಬದಲಾಯಿಸಬೇಕೆಂದು ನಾವು ಹೇಳುವುದಿಲ್ಲ. ಇಂಟರ್ಫೆರಾನ್ ಎಂಬುದು ಲೋಕಕ್ಕೆಲ್ಲ ಒಂದೇ ಆದ ಶಬ್ದ, ಹಾಗೆಯೇ ಇರಲಿ. ಆದರೆ ವಿವರಣೆಯಲ್ಲಿ ‘ಅಸ್ತ್ರ’ದ ಬದಲು ‘ಸಾರಿಕೆ’ ಎಂಬ ಮಾತನ್ನು ಬಳಸಿದರೆ ವಿದ್ಯಾರ್ಥಿಯ ಮನಸ್ಸು ಸರಿಯಾದ ದಿಕ್ಕಿನಲ್ಲಿ ಹೊರಡುತ್ತದೆ.

೫

ಇದು ಬರಿಯ ಮಾತಿನ ವಿಚಾರವೆಂದು ಯಾರಾದರೂ ಹೇಳಬಹುದು. ಅಂಥವರು ಹಾವೇರಿಯಿಂದ ಮಲೆನಾಡಿನ ಕಡೆಗೆ ಒಮ್ಮೆ ನೋಡಬೇಕು. ಲಂಡನ್ನಿನಲ್ಲಿ ಇಂಟರ್ಫೆರಾನಿನ ಲೇಖನ ಪ್ರಕಟವಾದ ೧೯೫೭ನೆಯ ಇಸವಿಯಲ್ಲಿಯೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಊರುಗಳ ಜನ ಜ್ವರದಿಂದ ನರಳಿದರು. ಕನ್ನಡ ನಾಡು ಒಂದಾಗಿ ಆಗ ಆರು ತಿಂಗಳೂ ತುಂಬಿರಲಿಲ್ಲ. ಅದುವರೆಗೆ ಸೊರಬ ಮೈಸೂರಿನಲ್ಲಿ, ಹಾವೇರಿ ಮುಂಬಯಿ ಪ್ರಾಂತದಲ್ಲಿ ಇದ್ದವು. ಆಫ್ರಿಕದ ಹಳದಿಜ್ವರ ಭಾರತಕ್ಕೆ ಬಂದಿತೆಂಬ ಭಯದಿಂದ, ೧೯೫೨ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಟೆಲ್ಫರ್ಡ್ ವರ್ಕ್ ಅವರ ನೇತೃತ್ವದಲ್ಲಿ ಧಾವಿಸಿದರು. ಅದು ಹಳದಿಜ್ವರವಲ್ಲ, ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ಗೊತ್ತಾಯಿತು. ಲೋಕದ ವೈದ್ಯಕೋಶಗಳಲ್ಲಿ ಕ್ಯಾಸನೂರಿನ ಹೆಸರು ಸೇರಿದ್ದು ಹೀಗೆ. ಧಾರವಾಡ, ಹಾವೇರಿಗಳ ಕಡೆ ‘ಮಂಗನಬಾವು’ ಎಂದು ಕರೆಯುವ ಕೆನ್ನೆಬಾವು ಬೇರೆ, ಈ ಮಂಗನ ಕಾಯಿಲೆ ಬೇರೆ ಎಂಬುದನ್ನು ಅಧ್ಯಾಪಕರು ತರಗತಿಯಲ್ಲಿ ಬಿಡಿಸಿ ಹೇಳಬೇಕು.

ಮೊದಲು, ಇದಕ್ಕೆ ಸಂಬಂಧಿಯಾದ ರಷ್ಯದ ಮೆದುಳುಜ್ವರದ ಲಸಿಕೆಯನ್ನು ಜನರಿಗೆ ಹಾಕಿ ನೋಡಿದರು, ಅದು ಕಾಪಾಡಲಿಲ್ಲ. ೧೯೬೦ರ ದಶಕದಲ್ಲಿ ಈ ವೈರಸ್ಸಿನಿಂದಲೇ, ಫಾರ್ಮಲಿನ್ನಿನಿಂದ ನಿರ್ಜೀವಗೊಳಿಸಿದ ಲಸಿಕೆಯನ್ನು ರೂಪಿಸುವ ಕೆಲಸ ನಡೆಯಿತು. ಮುಂದೆ ಜನರಿಗೆ ಕೊಟ್ಟ ಲಸಿಕೆಯ ಕ್ರಮ ಸುಲಭವಾಗಿರಲಿಲ್ಲ: ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಅನಂತರ ಐದು ವರ್ಷ ವರ್ಷಕ್ಕೊಂದು. ೨೦೦೫ರಿಂದ ೨೦೧೦ರವರೆಗಿನ ಅಂಕಿಗಳನ್ನು ಪರಿಶೀಲಿಸಿದ ಅಭ್ಯಾಸವು, ಒಂದೇ ಸೂಜಿಯಿಂದ ಗಣನೀಯವಾದ ರಕ್ಷಣೆಯಿಲ್ಲ, ಎರಡರಿಂದ ನೂರಕ್ಕೆ ೬೨.೪, ಮುಂದಿನ ಸೂಜಿಯೂ ಸೇರಿದರೆ ೮೨.೯ ಎಂದು ಲೆಕ್ಕಹಾಕಿತು. ಈ ನಡುವೆ ೨೦೧೨ರಿಂದೀಚೆಗೆ ರೋಗ ಬಂಡೀಪುರ, ವಯನಾಡು, ಗೋವೆ, ಸಿಂಧುದುರ್ಗಗಳವರೆಗೆ ಕಂಡುಬಂತು. ೨೦೨೨ರಲ್ಲಿ ಆ ಲಸಿಕೆಯ ಬಳಕೆ ನಿಂತಿತು.

ಈಗ ನಮ್ಮ ರೂಪಕದ ಪ್ರಶ್ನೆಗೆ ಮರಳೋಣ. ಕೋಟೆ ಮತ್ತು ಸೈನ್ಯಗಳ ಭಾಷೆಯಲ್ಲಿ ಕಲಿತವನು ಕೇಳುವ ಪ್ರಶ್ನೆಗಳು ಇವು: ಮೈ ಗಟ್ಟಿಯಿದ್ದವನಿಗೆ ಸೂಜಿಯೇಕೆ? ಒಂದು ಸಲ ಸೈನ್ಯವನ್ನು ಕೂಡಿಸಿದ ಮೇಲೆ ಮತ್ತೆ ಮತ್ತೆ ಏಕೆ? ಈ ಪ್ರಶ್ನೆಗಳಿಗೆ ಆ ರೂಪಕದೊಳಗೆ ಉತ್ತರವಿಲ್ಲ. ವಾರ್ತೆಯ ಭಾಷೆಯಲ್ಲಿ ಉತ್ತರ ಸರಳವಾಗಿದೆ. ದೇಹದಲ್ಲಿ ಎರಡು ಬಗೆಯ ವ್ಯವಸ್ಥೆಗಳಿವೆ. ಒಂದು, ಇಂಟರ್ಫೆರಾನಿನಂಥ ತಕ್ಷಣದ ಸಾರಿಕೆ. ಅದು ಯಾವ ವೈರಸ್ ಎಂದು ಹೆಸರು ಕೇಳದೆ ಗಂಟೆಗಳಲ್ಲಿ ಎಚ್ಚರಿಸುತ್ತದೆ, ಬೇಗ ಮರೆಯುತ್ತದೆ. ಇನ್ನೊಂದು, ಪ್ರತಿಕಾಯಗಳ ನೆನಪು. ಅದು ನಿಧಾನವಾಗಿ ಕಲಿಯುತ್ತದೆ, ಮರಳಿ ಪಾಠ ಹೇಳಿಸಿಕೊಂಡಾಗ ಗಟ್ಟಿಯಾಗುತ್ತದೆ. ಮೈ ಗಟ್ಟಿಯಿದ್ದವನ ಸಾರಿಕೆಯನ್ನೂ ಈ ವೈರಸ್ ಕೆಡಿಸಬಲ್ಲದು. ಕ್ಯಾಸನೂರು ವೈರಸ್ಸಿನ ಎನ್‌ಎಸ್೫ ಎಂಬ ಪ್ರೋಟೀನು ಇಂಟರ್ಫೆರಾನಿನ ಸಂದೇಶ ಜೀವಕೋಶದೊಳಗೆ ಮುಂದುವರಿಯದಂತೆ ತಡೆಯುತ್ತದೆಂದು ಪ್ರಯೋಗಗಳು ತೋರಿಸಿವೆ. ಡಂಗುರ ಬಾಗಿಲಿಗೆ ಬಂದರೂ ಮನೆಯವರ ಕಿವಿ ಮುಚ್ಚಿದ್ದರೆ ಏನು ಫಲ? ಆದುದರಿಂದಲೇ ನೆನಪಿನ ವ್ಯವಸ್ಥೆಗೆ ಮೊದಲೇ, ಹಲವು ಸಲ, ಪಾಠ ಹೇಳಬೇಕಾಗುತ್ತದೆ. ಒಣಸೊಪ್ಪಿಗೋ ಕಟ್ಟಿಗೆಗೋ ಕೂಲಿಗೋ ಕಾಡಂಚಿಗೆ ಹೋಗುವ ಮನುಷ್ಯನಿಗೆ ಇಷ್ಟನ್ನು ತಿಳಿಯುವಂತೆ ಹೇಳಬಲ್ಲ ಪದವೀಧರನನ್ನು ನಮ್ಮ ಕಾಲೇಜುಗಳು ತಯಾರುಮಾಡಿದರೆ ಅದು ಸಣ್ಣ ಸಾಧನೆಯಲ್ಲ. ೨೦೨೦ರಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯಗಳ ಮಾರಾಟ ಊರೂರಿನಲ್ಲಿ ಹೇಗೆ ನಡೆಯಿತೆಂಬುದನ್ನು ಕಂಡವರಿಗೆ, ಶಕ್ತಿಯೆಂಬ ಒಂದೇ ಮಾತಿನಿಂದ ಆಗುವ ಹಾನಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

೬

ಕೊನೆಯದಾಗಿ ನಮ್ಮ ವಾದಕ್ಕೆ ಬರಬಹುದಾದ ಒಂದು ಮುಖ್ಯ ಆಕ್ಷೇಪವನ್ನು ಎದುರಿಸಬೇಕು. ಭಾಷೆಗೆ ಇಷ್ಟು ಮಹತ್ವ ಕೊಟ್ಟರೆ, ವೈಜ್ಞಾನಿಕ ಸತ್ಯವೆಂಬುದು ಮಾತಿನ ಆಟವೆಂದು ಹೇಳಿದಂತಾಗುವುದಿಲ್ಲವೇ? ಈ ಪ್ರಶ್ನೆಯನ್ನು ಲಿಂಡೆನ್‌ಮನ್ನರೇ ಎತ್ತಿಕೊಂಡಿದ್ದರೆಂಬುದು ಅವರ ಜೀವನದ ಸ್ವಾರಸ್ಯಗಳಲ್ಲಿ ಒಂದು. ಎಪ್ಪತ್ತೈದನ್ನು ದಾಟಿದ ವಯಸ್ಸಿನಲ್ಲಿ, ೨೦೦೧ರಲ್ಲಿ, ಅವರು ಫ್ಲೆಕ್ಕರ ಗ್ರಂಥವನ್ನು ಕುರಿತು ಒಂದು ವಿಮರ್ಶೆಯನ್ನು ಬರೆದರು. ಸಿಫಿಲಿಸ್ ರೋಗದ ಕಾರಣವನ್ನು ಕುರಿತ ಹಳೆಯ ವಿವಾದದಲ್ಲಿ ವಿಜ್ಞಾನಿಗಳ ಸಮೂಹದ ಒಲವೇ ತೀರ್ಪನ್ನು ನಿರ್ಧರಿಸಿತೆಂಬ ಧಾಟಿಯ ಫ್ಲೆಕ್ಕರ ವಾದವನ್ನು ಅವರು ಮೂಲದಾಖಲೆಗಳ ಬಲದಿಂದ ಖಂಡಿಸಿದರು; ಗೆದ್ದದ್ದು ಸಾಕ್ಷ್ಯವೆಂಬುದು ಅವರ ನಿಲುವು. ಯುದ್ಧದ ರೂಪಕವನ್ನು ಶಂಕಿಸುವಲ್ಲಿ ನಾವು ಫ್ಲೆಕ್ಕರ ಜೊತೆಗಿದ್ದೇವೆ. ಸಾಕ್ಷ್ಯದ ಹಿರಿತನವನ್ನು ಒಪ್ಪುವಲ್ಲಿ ಲಿಂಡೆನ್‌ಮನ್ನರ ಜೊತೆಗಿದ್ದೇವೆ. ಇವೆರಡಕ್ಕೂ ವಿರೋಧವಿಲ್ಲ. ಯುದ್ಧದ ರೂಪಕವನ್ನು ನಾವು ಬಿಡಬೇಕೆನ್ನುವುದು ಅದು ಕಿವಿಗೆ ಕರ್ಕಶವೆಂದಲ್ಲ. ಕೋಳಿಮೊಟ್ಟೆಯ ಪೊರೆಯೂ ಎ೨ಜಿ ಇಲಿಯೂ ಕ್ಯಾಸನೂರಿನ ವೈರಸ್ಸೂ ಕೊಡುವ ಸಾಕ್ಷ್ಯಕ್ಕೆ ಅದು ವಿರುದ್ಧವಾಗಿದೆಯೆಂದು.

ಸಂಶೋಧಕನಾಗಿ ಲಿಂಡೆನ್‌ಮನ್ನರ ಸ್ಥಾನವನ್ನು ನಿರ್ಣಯಿಸುವಾಗ ನಾವು ಮೂರು ಅಂಶಗಳನ್ನು ಎತ್ತಿ ಹೇಳಬಯಸುತ್ತೇವೆ: ತಿಳಿದಷ್ಟನ್ನೇ ಹೇಳಿದ ಸಂಯಮ, ಒಂದೇ ಪ್ರಶ್ನೆಯನ್ನು ಮೂವತ್ತು ವರ್ಷ ಬೆನ್ನುಹತ್ತಿದ ನಿಷ್ಠೆ, ತನ್ನ ಶಾಸ್ತ್ರದ ಚರಿತ್ರೆಯನ್ನೂ ಪರೀಕ್ಷೆಗೆ ಒಡ್ಡಿದ ಎಚ್ಚರ. ಹೆಸರಿಡುವಲ್ಲಿ ಅವರಿಗೂ ಐಸಾಕ್ಸರಿಗೂ ಸಂದ ಯಶಸ್ಸು ಅರ್ಧದ್ದು. ಉಳಿದ ಅರ್ಧ ವಿವರಿಸುವವರ ಪಾಲಿಗೆ ಬಂದಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಕನ್ನಡ ವಿಭಾಗದವರೂ ಜೀವಶಾಸ್ತ್ರ ವಿಭಾಗದವರೂ ಒಂದು ಮೇಜಿನ ಸುತ್ತ ಕುಳಿತು, ತಾವು ಪಾಠದಲ್ಲಿ ಬಳಸುವ ಹೋಲಿಕೆಗಳನ್ನು ಒಂದೊಂದಾಗಿ ಸಾಕ್ಷ್ಯದ ಒರೆಗೆ ಹಚ್ಚಿ ನೋಡುವುದಾದರೆ ಆ ಉಳಿದರ್ಧ ಕೆಲಸಕ್ಕೆ ಆರಂಭವಾದಂತಾಗುತ್ತದೆ. ವಿದ್ಯಾರ್ಥಿಗಳು ಮಲೆನಾಡಿನ ಅಂಚಿನ ಊರುಗಳಲ್ಲಿ ಈ ರೋಗವನ್ನು ಕುರಿತು ಜನರು ಆಡುವ ಮಾತುಗಳನ್ನು ಸಂಗ್ರಹಿಸಿದರೆ ಅದು ಭಾಷಾಶಾಸ್ತ್ರಕ್ಕೂ ಆರೋಗ್ಯಕ್ಕೂ ಏಕಕಾಲದಲ್ಲಿ ಸಲ್ಲುವ ಸಂಶೋಧನೆಯಾಗುತ್ತದೆ. ಈ ದಿಶೆಯಲ್ಲಿ ವಿದ್ವಾಂಸರು ವಿಚಾರ ಮಾಡಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇವೆ.